ಒಂದು ಕತ್ತಿಗೆ ಮೂರು ವಯಸ್ಸು: ಉತ್ತರ ಮತ್ತು ಪಶ್ಚಿಮ ಆಫ್ರಿಕಾದ ಕತ್ತಿ, ಬಾಕುಗಳನ್ನು ಕೊಳ್ಳುವ, ಓದುವ, ಕಾಪಾಡುವ ಬಗೆ

2019ರ ನವೆಂಬರ್ 17ರಂದು ಡಕಾರ್‌ನಲ್ಲಿ ಫ್ರಾನ್ಸಿನ ಪ್ರಧಾನಿ ಸೆನೆಗಲ್ ಅಧ್ಯಕ್ಷರ ಕೈಗೆ ಒಂದು ಕತ್ತಿಯನ್ನು ಒಪ್ಪಿಸಿದರು. 19ನೇ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ದೊಡ್ಡ ರಾಜ್ಯ ಕಟ್ಟಿದ ಅಲ್ ಹಾಜ್ ಉಮರ್ ತಾಲ್‌ನದೆಂದು ಹೆಸರಾದ ಕತ್ತಿ ಅದು. ಹಕ್ಕಿಯ ಕೊಕ್ಕಿನಂತೆ ಬಾಗಿದ ಹಿಡಿ, ತೊಗಲಿನ ಒರೆ. ಅಲಗು ಮಾತ್ರ ಫ್ರಾನ್ಸಿನದೇ ಅಲ್ಸಾಸ್ ಪ್ರಾಂತ್ಯದ ಕ್ಲಿಂಗೆಂತಾಲ್ ಕಾರ್ಖಾನೆಯದು. ಹಾಗಾದರೆ ಇದು ಎಲ್ಲಿಯ ಕತ್ತಿ?

ಸಂಗ್ರಹಕ್ಕೆ ಇಳಿಯುವವರು ಮೊದಲು ಈ ಪ್ರಶ್ನೆಯನ್ನೇ ಜೀರ್ಣಿಸಿಕೊಳ್ಳಬೇಕು. ಸಹಾರಾದ ಉತ್ತರಕ್ಕೂ ದಕ್ಷಿಣಕ್ಕೂ ಸಿಗುವ ಹಳೆಯ ಕತ್ತಿಗಳಲ್ಲಿ ಅಲಗು ಒಂದು ಕಡೆಯದು, ಹಿಡಿ ಇನ್ನೊಂದು ಕಡೆಯದು, ಒರೆ ಮೂರನೆಯವರ ಕೈಕೆಲಸ. ಅಲಗು 18ನೇ ಶತಮಾನದ್ದಿದ್ದು, ಹಿಡಿ 1900ರ ಆಸುಪಾಸಿನದಾಗಿ, ಒರೆಯನ್ನು 1950ರಲ್ಲಿ ಹೊಲಿಸಿರಬಹುದು. ಇದು ಕಲಬೆರಕೆ ಅಲ್ಲ, ಅಲ್ಲಿಯ ವಾಡಿಕೆ. ಒಳ್ಳೆಯ ಅಲಗು ತಂದೆಯಿಂದ ಮಗನಿಗೆ ಬರುತ್ತಿತ್ತು; ಸವೆದ ಹಿಡಿಯನ್ನೂ ಹರಿದ ಒರೆಯನ್ನೂ ಕಮ್ಮಾರ ಮತ್ತೆ ಮತ್ತೆ ಹೊಸದು ಮಾಡುತ್ತಿದ್ದ. ನಮ್ಮ ದಖ್ಖನಿನಲ್ಲಿ ಯುರೋಪಿನ ಅಲಗಿಗೆ ಇಲ್ಲಿಯ ಹಿಡಿ ಕೂಡಿಸಿ ‘ಫಿರಂಗಿ’ ಎಂದು ಕರೆದರಲ್ಲ, ಲೆಕ್ಕ ಅದೇ. ಯುರೋಪಿನ ಸೈನ್ಯದ ಕತ್ತಿ ಸಂಗ್ರಹಿಸುವವರು ‘ಎಲ್ಲ ಭಾಗವೂ ಒಂದೇ ಕಾಲದ್ದೇ?’ ಎಂದು ಕೇಳುತ್ತಾರೆ. ಇಲ್ಲಿ ಆ ಅಳತೆಗೋಲು ಹಿಡಿದರೆ ಒಳ್ಳೆಯದನ್ನು ಬಿಟ್ಟು, ಎಲ್ಲ ಭಾಗವೂ ಒಂದೇ ದಿನ ತಯಾರಾದ ಪ್ರವಾಸಿ ಮಾಲನ್ನು ಮನೆಗೆ ತರುತ್ತೀರಿ.

ಮೊದಲು ಗುರುತು ಹಿಡಿಯುವುದು

ಎಲ್ಲವನ್ನೂ ಒಮ್ಮೆಗೇ ಕಲಿಯಲು ಹೋಗಬೇಡಿ. ಒಂದು ಬಗೆಯನ್ನು ಹಿಡಿದು ಅದರ ಇಪ್ಪತ್ತು ಮೂವತ್ತು ಮಾದರಿಗಳನ್ನು ವಸ್ತುಸಂಗ್ರಹಾಲಯಗಳ ಜಾಲತಾಣದಲ್ಲಿ ನೋಡಿದ ಮೇಲೆ ಮುಂದಿನದಕ್ಕೆ ಹೋಗಿ. ಶುರುವಿಗೆ ನಮ್ಮ ಸಲಹೆ ತಕೂಬಾ.

ತಕೂಬಾ ಸಹಾರಾದ ತುವಾರೆಗ್ ಜನರ ನೇರ ಕತ್ತಿ. ನೈಜರ್, ಮಾಲಿ, ದಕ್ಷಿಣ ಅಲ್ಜೀರಿಯಾದಲ್ಲಿ ಇದೇ ಹೆಸರು. ನೈಜೀರಿಯಾದ ಹೌಸಾ ಜನರಲ್ಲಿ ‘ತಕೋಬಿ’ ಎಂದರೇ ಕತ್ತಿ. ಎರಡೂ ಅಂಚು ಹರಿತ, ತುದಿ ಚೂಪಲ್ಲ, ಉಗುರಿನಂತೆ ದುಂಡಗೆ. ಇದು ಕೊಚ್ಚುವ ಕತ್ತಿ, ಇರಿಯುವುದಲ್ಲ. ಒಟ್ಟು ಉದ್ದ ಸಾಮಾನ್ಯವಾಗಿ 85ರಿಂದ 100 ಸೆಂ.ಮೀ., ಬುಡದಲ್ಲಿ ಅಲಗಿನ ಅಗಲ 4ರಿಂದ 5 ಸೆಂ.ಮೀ. ಅಲಗಿನ ನಡುವೆ ಉದ್ದಕ್ಕೂ ಇಳಿದ ತೋಡುಗಳು, ಒಂದು ಅಥವಾ ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು. ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ಅಡ್ಡಪಟ್ಟಿ ಅಗಲವಾದ ಆಯತ: ಒಳಗೆ ಕಬ್ಬಿಣದ ತಗಡು, ಮೇಲೆ ತೊಗಲು ಅಥವಾ ಹಿತ್ತಾಳೆ. ಹಿಡಿಯ ತಲೆಯಲ್ಲಿ ಹಿತ್ತಾಳೆ, ತಾಮ್ರ, ಕಬ್ಬಿಣದ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಮಾಡಿದವರು ಇನಾಡನ್, ಅಂದರೆ ತುವಾರೆಗ್ ಸಮಾಜದ ಕಮ್ಮಾರ ಕುಲದವರು. ಹೌಸಾ, ನೂಪೆ ನಾಡಿನಲ್ಲಿ ಇದೇ ಅಲಗಿಗೆ ಬೇರೆ ಹಿಡಿ ಬರುತ್ತದೆ, ಹಿಡಿಯ ತಲೆ ಹೆಚ್ಚು ಅಗಲ, ಹೆಚ್ಚು ಹಿತ್ತಾಳೆ. ಉತ್ತರ ನೈಜೀರಿಯಾದ ದರ್ಬಾರ್ ಮೆರವಣಿಗೆಗಳಲ್ಲಿ ಕುದುರೆ ಸವಾರರು ಇಂದಿಗೂ ಕತ್ತಿ ಕಟ್ಟುವುದರಿಂದ ಹೊಸ ಕತ್ತಿಗಳೂ ತಯಾರಾಗುತ್ತಲೇ ಇವೆ. ಹೊಸದು ಎಂದ ಮಾತ್ರಕ್ಕೆ ನಕಲಿಯಲ್ಲ. ಹಳೆಯದೆಂದು ಹೇಳಿ ಮಾರಿದಾಗ ಮಾತ್ರ ಮೋಸ.

ಅದೇ ತುವಾರೆಗರ ಬಾಕು ತೆಲೆಕ್. ಒರೆಗೆ ಅಗಲವಾದ ತೊಗಲಿನ ಕುಣಿಕೆ ಇರುತ್ತದೆ, ಅದರೊಳಗೆ ಎಡ ಮುಂಗೈ ತೂರಿಸಿ ಹಿಡಿ ಅಂಗೈಯ ಕಡೆಗೆ ಬರುವಂತೆ ಕಟ್ಟುತ್ತಾರೆ. ಹಿಡಿ ಶಿಲುಬೆಯ ಆಕಾರದ್ದು. ಕುಣಿಕೆ ಇಲ್ಲದಿದ್ದರೆ, ಅಥವಾ ಇದ್ದೂ ದೊಡ್ಡವರ ಮುಂಗೈ ಹೋಗದಷ್ಟು ಕಿರಿದಾಗಿದ್ದರೆ, ಅದು ಗೋಡೆಗೆ ತೂಗುಹಾಕಲು ಮಾಡಿದ್ದು.

ಮೊರಾಕೊದ ಕುಮ್ಮಿಯಾ ಎಲ್ಲ ಅಂಗಡಿಗಳಲ್ಲೂ ಸಿಗುವ ಬಾಕು, ಹಾಗಾಗಿ ಎಲ್ಲರೂ ಮೊದಲು ಮೋಸಹೋಗುವುದೂ ಇದರಲ್ಲೇ. ಅಲಗು ಅರ್ಧದವರೆಗೆ ನೇರ, ಒಂದೇ ಅಂಚು. ಅಲ್ಲಿಂದ ಬಾಗಿ ಎರಡೂ ಅಂಚು ಹರಿತವಾಗುತ್ತದೆ. ಹಿಡಿಯ ತಲೆ ನವಿಲಿನ ಬಿಚ್ಚಿದ ಗರಿಯಂತೆ ಅಗಲ. ಒರೆಯ ಎರಡೂ ಪಕ್ಕ ಕಿವಿ, ಕಿವಿಗೊಂದು ಬಳೆ. ಬಳೆಗೆ ಉಣ್ಣೆಯ ದಾರ ಪೋಣಿಸಿ ಹೆಗಲಿಂದ ಎಡಸೊಂಟದ ಕಡೆಗೆ ಇಳಿಬಿಡುತ್ತಾರೆ. ಒಟ್ಟು 40 ಸೆಂ.ಮೀ. ಆಸುಪಾಸು.

ಮೊರಾಕೊದ್ದೇ ಇನ್ನೊಂದು ಸ್ಬುಲಾ: ನೇರ ಅಲಗು, ರೋಮನ್ ‘ಎಚ್’ ಅಕ್ಷರವನ್ನು ಮಲಗಿಸಿದಂತಹ ಹಿಡಿ. 19ನೇ ಶತಮಾನದ ಯುರೋಪಿಯನ್ ಬರಹಗಾರರು ಇದನ್ನು ಝಾಂಜಿಬಾರಿನ ಕತ್ತಿ ಎಂದು ತಪ್ಪಾಗಿ ಗುರುತಿಸಿದರು, ಆ ತಪ್ಪು ಹರಾಜು ಪಟ್ಟಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. ನಿಮಗೆ ಇದು ಲಾಭ: ‘ಝಾಂಜಿಬಾರ್’ ಎಂದು ಹುಡುಕಿದರೆ ಮೊರಾಕೊದ ಸರಕು ಸಿಗುತ್ತದೆ.

ನಿಮ್ಚಾ ಮಘ್ರೆಬಿನ, ಅಂದರೆ ಮೊರಾಕೊ, ಅಲ್ಜೀರಿಯಾ ಕಡೆಯ ಉದ್ದ ಕತ್ತಿ. ಬೆರಳುಗಳನ್ನು ಕಾಯುವ ಬಾಗಿದ ಕಂಬಿ, ಅಲಗಿನ ಕಡೆಗೆ ಮುಖಮಾಡಿದ ಕೊಂಬಿನಂತಹ ಕವಲುಗಳು, ಗೂನು ಬೆನ್ನಿನ ಹಿಡಿ. ಅಲಗು ಬಹಳ ಸಲ ಯುರೋಪಿನದು. ಅಲ್ಜೀರಿಯಾದ ಕಬೈಲಿ ಬೆಟ್ಟನಾಡಿನ ಫ್ಲಿಸ್ಸಾಗೆ ಇಫ್ಲಿಸ್ಸೆನ್ ಎಂಬ ಬುಡಕಟ್ಟಿನಿಂದ ಹೆಸರು ಬಂದಿದೆ. ಅಡ್ಡಪಟ್ಟಿ ಇಲ್ಲ, ಒಂದೇ ಅಂಚು, ದಪ್ಪ ಬೆನ್ನು, ಉದ್ದಕ್ಕೆ ಸೂಜಿಯಾಗುವ ಮೊನೆ, ಅಲಗಿನ ಮೇಲೆ ಕೊರೆದು ಹಿತ್ತಾಳೆ ತುಂಬಿದ ಚಿತ್ತಾರ. ಕೈಬಾಕುವಿನಿಂದ ಹಿಡಿದು ಒಂದು ಮೀಟರಿನವರೆಗೂ ಸಿಗುತ್ತದೆ.

ಮಾಲಿ, ಗಿನಿ ಕಡೆಯ ಮಂಡಿಂಗೊ ಕತ್ತಿಯಲ್ಲಿ ಅಲಗಿಗಿಂತ ಒರೆಯೇ ದೊಡ್ಡ ಕೆಲಸ. ಅಡ್ಡಪಟ್ಟಿಯಿಲ್ಲದ ಹಿಡಿ, ಬಾಗಿದ ಅಲಗು (ಎಷ್ಟೋ ಸಲ ಫ್ರೆಂಚ್ ಅಶ್ವದಳದ್ದು), ತುದಿಯಲ್ಲಿ ಎಲೆಯಂತೆ ಹರಡಿಕೊಂಡ ತೊಗಲಿನ ಒರೆ, ಅದರ ಮೇಲೆ ಹೆಣಿಗೆ, ಒತ್ತುಚಿತ್ತಾರ. ಸುಡಾನಿನ ಕಸ್ಕರಾ ಭೂಗೋಳದ ಲೆಕ್ಕದಲ್ಲಿ ಸ್ವಲ್ಪ ಪೂರ್ವಕ್ಕೆ ಸರಿದರೂ ತಕೂಬಾದ ಸೋದರ: ಶಿಲುಬೆಯಂತಹ ಕಬ್ಬಿಣದ ಅಡ್ಡಪಟ್ಟಿ, ಬಿಲ್ಲೆಯಂತಹ ಹಿಡಿತಲೆ, ತುದಿ ಅಗಲವಾದ ಒರೆ. ಕಸ್ಸಲಾ ಊರಿನಲ್ಲಿ ಇತ್ತೀಚಿನವರೆಗೂ ಮಾಡುತ್ತಿದ್ದರು.

ಇಂದಿನ ಘಾನಾದ ಅಸಾಂಟೆ ರಾಜ್ಯದ ಚಿನ್ನದ ತಗಡಿನ ಅಫೆನಾ, ನೈಜೀರಿಯಾದ ಬೆನಿನ್ ನಗರದ ಅರಮನೆಯ ‘ಎಬೆನ್’, ‘ಅಡ’ ಎಂಬ ರಾಜಕತ್ತಿಗಳ ಮಾತು ಬೇರೆ. ಅದಕ್ಕೆ ಮುಂದೆ ಬರೋಣ.

ಮೇಜಿನ ಮೇಲೆ ಇಟ್ಟು ನೋಡುವುದು

ಬೇಕಾದ ಸಾಮಾನು: ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ವರ್ನಿಯರ್ ಕ್ಯಾಲಿಪರ್, ಟೇಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸಣ್ಣ ಅಯಸ್ಕಾಂತ, ಪಕ್ಕದಿಂದ ಬೆಳಕು ಬೀರುವ ಟಾರ್ಚು, ನೈಟ್ರೈಲ್ ಕೈಗವಸು. ಕೈಗವಸು ಶೋಕಿಗಲ್ಲ. ಬೆರಳ ಬೆವರಿನ ಉಪ್ಪು ಉಕ್ಕಿನ ಮೇಲೆ ಕೂತರೆ ಮಳೆಗಾಲದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಜೊತೆಗೆ, ಹಳೆಯ ಸಂಗ್ರಹಗಳಿಂದ ಬಂದ ತೊಗಲಿಗೆ ಹುಳು ಬಾರದಿರಲೆಂದು ಒಂದು ಕಾಲದಲ್ಲಿ ಆರ್ಸೆನಿಕ್ ಬಳಿಯುತ್ತಿದ್ದರು.

ಒರೆಯಿಂದ ಕತ್ತಿ ಹೊರತೆಗೆಯುವಾಗ ಒರೆಯ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ. ಹಳೆಯ ಹೊಲಿಗೆ ಬಿಟ್ಟುಕೊಂಡಿದ್ದರೆ ಅಲಗು ಒರೆ ಸೀಳಿ ಬೆರಳಿಗೆ ಬರುತ್ತದೆ. ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿದು, ಹೆಬ್ಬೆರಳನ್ನು ಹೊಲಿಗೆಯಿಂದ ದೂರವಿಟ್ಟು, ನಿಧಾನ ಎಳೆಯಿರಿ. ಬಾರದಿದ್ದರೆ ಬಲ ಹಾಕಬೇಡಿ. ಒಳಗೆ ತುಕ್ಕು ತೊಗಲಿಗೆ ಅಂಟಿರುತ್ತದೆ.

ಮೊದಲ ಕೆಲಸ ಅಲಗಿನ ದಪ್ಪ. ಹಿಡಿಯ ಬುಡದಿಂದ ಪ್ರತಿ 10 ಸೆಂ.ಮೀ.ಗೆ ಒಮ್ಮೆ ಕ್ಯಾಲಿಪರ್ ಇಟ್ಟು ಬರೆದುಕೊಳ್ಳಿ. ಬುಡದಲ್ಲಿ 4.5 ಮಿ.ಮೀ. ಇದ್ದು ತುದಿಗೆ ಬರುತ್ತ 2 ಮಿ.ಮೀ.ಗೆ ಇಳಿದರೆ ಅದು ಬಡಿದು ರೂಪಿಸಿದ ಅಲಗು. ಬುಡದಿಂದ ತುದಿಯವರೆಗೂ 2.5 ಮಿ.ಮೀ. ಅಲುಗಾಡದೆ ನಿಂತರೆ ಹಾಳೆ ಉಕ್ಕಿನಿಂದ ಕತ್ತರಿಸಿದ್ದು ಎಂಬ ಸಂಶಯ ಬಲವಾಗುತ್ತದೆ. ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಬಡಿದ ಅಲಗುಗಳು 20ನೇ ಶತಮಾನದವು, ಅವು ಒಳ್ಳೆಯ ಉಕ್ಕೇ. ಬೆಲೆ ಮಾತ್ರ ಆ ಕಾಲಕ್ಕೆ ತಕ್ಕಂತಿರಬೇಕು. ಅಲಗನ್ನು ಬಿಲ್ಲಿನಂತೆ ಬಗ್ಗಿಸಿ ಪರೀಕ್ಷೆ ಮಾಡುವ ಅಂಗಡಿಯವರಿದ್ದಾರೆ. ಬೇಡವೆನ್ನಿ. ಇಂಥ ಅಲಗುಗಳಲ್ಲಿ ಮುರಿದು ಬೆಸೆದ ಜಾಗ ಇರುವುದು ಸಾಮಾನ್ಯ, ಬಗ್ಗಿಸಿದರೆ ಅಲ್ಲೇ ಮುರಿಯುತ್ತದೆ.

ಈಗ ಅಗಲ. ತಕೂಬಾದ ಅಲಗಿನ ಬುಡಕ್ಕೆ ಎರಡೂ ಬದಿ ಕಬ್ಬಿಣದ ತಗಡು ಹೊದಿಸಿ ರಿವೆಟ್ ಹೊಡೆದಿರುವುದುಂಟು. ಯುರೋಪಿನಿಂದ ಬಂದ ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಸೇರುವ ತುದಿ, ಗಿಡ್ಡವಾಗಿದ್ದಾಗ, ಅಥವಾ ಮುರಿದಾಗ, ಕಮ್ಮಾರ ಹೊಸ ಬಾಲ ಕೂಡಿಸುತ್ತಿದ್ದುದು ಹೀಗೆ. ಆ ತಗಡಿನ ಅಂಚಿನಲ್ಲಿ ಅಲಗು ಎಷ್ಟು ಅಗಲ, ಅದರಿಂದ ನಾಲ್ಕು ಬೆರಳು ಮುಂದೆ ಎಷ್ಟು ಅಗಲ ನೋಡಿ. ತಲೆಮಾರುಗಟ್ಟಲೆ ಮಸೆದ ಅಲಗು ಬಯಲಿನಲ್ಲಿ ಸಪುರವಾಗಿ, ತಗಡಿನ ಮರೆಯಲ್ಲಿ ಮೊದಲಿನ ಅಗಲವನ್ನೇ ಉಳಿಸಿಕೊಂಡಿರುತ್ತದೆ. ಈ ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ನಕಲಿ ಮಾಡುವವನು ನೆನಪಿಟ್ಟುಕೊಂಡು ಮಾಡುವುದು ಅಪರೂಪ.

ಆಮೇಲೆ ಮುದ್ರೆ. ಟಾರ್ಚನ್ನು ಅಲಗಿಗೆ ಸಮತಟ್ಟಾಗಿ, ಪಕ್ಕದಿಂದ ಹಿಡಿಯಿರಿ; ನೇರ ಬೆಳಕಿನಲ್ಲಿ ಕಾಣದ ಗೀರು ನೆರಳಾಗಿ ಎದ್ದುಬರುತ್ತದೆ. ಬೆನ್ನಿಗೆ ಬೆನ್ನು ಮಾಡಿ ಕೂತ ಎರಡು ಅರ್ಧಚಂದ್ರ ಎಲ್ಲಕ್ಕಿಂತ ಹೆಚ್ಚು ಸಿಗುವ ಗುರುತು. ಓಡುವ ತೋಳ ಇನ್ನೊಂದು. ಜರ್ಮನಿಯ ಪಾಸೌ ಊರಿನಲ್ಲಿ ಹುಟ್ಟಿ ಸೋಲಿಂಗೆನ್ ಅದನ್ನು ಎತ್ತಿಕೊಂಡಿತು. ಗೋಳದ ಮೇಲೆ ಶಿಲುಬೆ, ಸಿಂಹ ಕೂಡ ಉಂಟು. ಕಸ್ಕರಾಗಳಲ್ಲಿ ನಿಂತ ಯೋಧನ ಮುದ್ರೆ ಸಿಕ್ಕರೆ ಅದು ಸೋಲಿಂಗೆನ್‌ನ ಕ್ಲೌಬರ್ಗ್ ಕಾರ್ಖಾನೆಯದು, 19ನೇ ಶತಮಾನದ ವ್ಯಾಪಾರದ ಅಲಗು.

ಮುದ್ರೆ ಕಂಡ ಕೂಡಲೇ ಯುರೋಪಿನ ಅಲಗು ಎಂದು ಕುಣಿಯಬೇಡಿ. ಈ ಗುರುತುಗಳು ಒಳ್ಳೆಯ ಉಕ್ಕಿನ ಹೆಸರಾಗಿಬಿಟ್ಟಿದ್ದವು, ಸ್ಥಳೀಯ ಕಮ್ಮಾರರು ಅವನ್ನೇ ತಮ್ಮ ಅಲಗುಗಳ ಮೇಲೆ ಹೊಡೆದರು. ಮಸೂರದಲ್ಲಿ ನೋಡಿ. ಕಾರ್ಖಾನೆಯ ಚಂದ್ರನಿಗೆ ಕಣ್ಣು, ಮೂಗು, ತುಟಿ ಇರುತ್ತವೆ. ಒಂದೇ ಅಚ್ಚಿನಲ್ಲಿ ಬಿದ್ದಿರುವುದರಿಂದ ತಳ ಒಂದೇ ಆಳ. ಸ್ಥಳೀಯ ಚಂದ್ರನನ್ನು ಉಳಿಯಿಂದ ನಾಲ್ಕಾರು ಏಟಿನಲ್ಲಿ ಬರೆದಿರುತ್ತಾರೆ, ಗೆರೆ ಸೇರುವಲ್ಲಿ ಮೂಲೆಗಳು ಕಾಣುತ್ತವೆ, ಎಡದ ಚಂದ್ರ ಬಲದವನಿಗಿಂತ ದಪ್ಪ. ತೋಡುಗಳಲ್ಲೂ ಹೀಗೇ: ಕಾರ್ಖಾನೆಯ ತೋಡು ಸಮಾನಾಂತರ ಹೋಗಿ ಮೆಲ್ಲಗೆ ಕರಗುತ್ತದೆ, ಕೈಯಿಂದ ಹೆರೆದ ತೋಡು ಸ್ವಲ್ಪ ಅತ್ತಿತ್ತ ಓಲಾಡುತ್ತದೆ. ನಮ್ಮನ್ನು ಕೇಳಿದರೆ ಸ್ಥಳೀಯ ಚಂದ್ರನ ಅಲಗು ಯಾವ ರೀತಿಯಲ್ಲೂ ಕಡಿಮೆಯದಲ್ಲ. ಪೂರ್ತಿ ಅಲ್ಲಿಯ ಕೈಕೆಲಸ ಎಂಬುದಕ್ಕೆ ಅದೇ ಸಾಕ್ಷಿ. ಬೆಲೆ ಹೇಳುವವರು ಮಾತ್ರ ಇದನ್ನು ಇನ್ನೂ ಒಪ್ಪಿಲ್ಲ, ಅದು ಕೊಳ್ಳುವವರ ಅದೃಷ್ಟ.

ಸ್ಬುಲಾದ ಅಲಗು ಕೈಗೆ ಬಂದರೆ ಬೆನ್ನನ್ನು ಓದಿ. ಹಲವು ಸ್ಬುಲಾಗಳನ್ನು ಫ್ರೆಂಚ್ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಅಲಗು) ಕತ್ತರಿಸಿ ಮಾಡಿದ್ದಾರೆ. 1874ರ ಮಾದರಿಯ ಗ್ರಾ ಬಂದೂಕಿನ ಬಯೊನೆಟ್ಟಿನ ಅಲಗನ್ನು ಅಡ್ಡ ಕೊಯ್ದರೆ ‘ಟಿ’ ಆಕಾರ. ಬೆನ್ನಿನ ಮೇಲೆ ಓರೆ ಅಕ್ಷರದಲ್ಲಿ ಕಾರ್ಖಾನೆಯ ಹೆಸರು, ತಿಂಗಳು, ವರ್ಷ ಕೊರೆದಿರುತ್ತದೆ. ವರ್ಷ 1878 ಎಂದಿದ್ದರೆ ಬಾಕು ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಇಷ್ಟು ಖಚಿತವಾದ ತಾರೀಖು ಈ ಸಂಗ್ರಹದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದು.

ಹಿಡಿಗೆ ಬನ್ನಿ. ಅಲುಗಾಡಿಸಿ ನೋಡಿ, ತುಸು ಸಡಿಲ ಇದ್ದರೆ ದೋಷವಲ್ಲ. ಹಿತ್ತಾಳೆ ತಗಡಿಗೆ ಅಯಸ್ಕಾಂತ ಹಿಡಿಯಿರಿ. ಅಡ್ಡಪಟ್ಟಿಯಲ್ಲಿ ಒಳಗಿನ ಕಬ್ಬಿಣ ಎಳೆಯಬೇಕು. ಹಿಡಿಯ ತಲೆಯಲ್ಲಿ ಹಿತ್ತಾಳೆ ಎಂದು ಹೇಳಿದ ಭಾಗವೇ ಬಲವಾಗಿ ಅಂಟಿದರೆ ಕಬ್ಬಿಣಕ್ಕೆ ಬಣ್ಣದ ಲೇಪ. ಅಂಗೈ ತಾಗುವ ಜಾಗದಲ್ಲಿ ಚಿತ್ತಾರ ಸವೆದು ನುಣುಪಾಗಿ, ಮೂಲೆಸಂದಿಗಳಲ್ಲಿ ಕೊಳೆ ಗಟ್ಟಿಯಾಗಿ ಕೂತಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಬಟ್ಟೆಚಕ್ರದ ಕೆಲಸ. ಅಲ್ಯೂಮಿನಿಯಂ ತುಣುಕು ಕಂಡರೆ ಆ ಹಿಡಿ 20ನೇ ಶತಮಾನದ್ದು, ಅಲಗು ಎಷ್ಟೇ ಹಳೆಯದಿರಲಿ.

ಕನ್ನಡದಲ್ಲಿ ಕತ್ತಿ ಇಡುವ ಒರೆಗೂ ಚಿನ್ನ ತಿಕ್ಕುವ ಒರೆಗೂ ಒಂದೇ ಮಾತು. ಇಲ್ಲಿ ಅದು ನಿಜವೂ ಹೌದು: ಸಂಶಯ ಬಂದಾಗ ಒರೆಯನ್ನೇ ಒರೆಗಲ್ಲು ಮಾಡಿಕೊಳ್ಳಿ. ಹೊಲಿಗೆ ಕೈಯದೇ? ಯಂತ್ರದ ಹೊಲಿಗೆಯಲ್ಲಿ ತೂತುಗಳ ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದು. ನೈಲಾನ್ ದಾರಕ್ಕೆ ಹೊಳಪು ಇರುತ್ತದೆ. ಕುಮ್ಮಿಯಾದ ಒರೆಯಲ್ಲಿ ಬಳೆ ತೂಗುವ ಕಿವಿಯ ತೂತು ನೋಡಿ. ವರ್ಷಗಟ್ಟಲೆ ಹೆಗಲಲ್ಲಿ ತೂಗಿದ್ದರೆ ಆ ತೂತು ದುಂಡಗೆ ಉಳಿಯದೆ ಮೇಲ್ಮುಖವಾಗಿ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಒರೆಯ ಹಿಂಬದಿ, ಅಂದರೆ ಮೈಗೆ ತಾಗುವ ಬದಿ, ಸಾಮಾನ್ಯವಾಗಿ ಸರಳ ಕೆಲಸದ್ದು, ಹೆಚ್ಚು ನುಣುಪು. ಎರಡೂ ಬದಿ ಒಂದೇ ಅಚ್ಚಿನ ಎರಕವಾಗಿ, ಅಲಗು ಹಾಳೆಯಾಗಿ, ನಡುವೆ ಪ್ಲಾಸ್ಟಿಕ್ ಮೂಳೆ ಕೂರಿಸಿದ್ದರೆ ಅದು ಮರಾಕೆಶ್ ಪೇಟೆಯ ನೆನಪಿನ ಕಾಣಿಕೆ. ಕೊನೆಗೆ ಅಲಗನ್ನು ಒರೆಗೆ ಮತ್ತೆ ಇಳಿಸಿ: ಅಲಗಿನ ಅರ್ಧಕ್ಕೆ ಒರೆ ಮುಗಿದರೆ, ಅಥವಾ ಒಳಗೆ ಅಲಗು ಗಿಲಕಿಯಂತೆ ಅಲ್ಲಾಡಿದರೆ, ಎರಡನ್ನೂ ಅಂಗಡಿಯಲ್ಲಿ ಮದುವೆ ಮಾಡಿಸಿದ್ದಾರೆ.

ತುಕ್ಕಿನ ಬಗ್ಗೆ ಒಂದು ಮಾತು. ಕಾಲದ ತುಕ್ಕು ಕಂದು-ಕಪ್ಪು, ಗಟ್ಟಿ, ಜಾಗಕ್ಕೊಂದು ಬಗೆ. ಆಸಿಡ್ ಹಚ್ಚಿ ಏಳಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಎಲ್ಲ ಕಡೆ ಒಂದೇ ಸಮ, ಬಿಳಿ ಬಟ್ಟೆಗೆ ಪುಡಿಯಾಗಿ ಬರುತ್ತದೆ. ತೋಡಿನ ತಳದಲ್ಲಿ ಆ್ಯಂಗಲ್ ಗ್ರೈಂಡರಿನ ಕಮಾನು ಗೀರು, ಸಂದಿಯಲ್ಲಿ ವಿದ್ಯುತ್ ಬೆಸುಗೆಯ ಮಣಿಸಾಲು, ನಕ್ಷತ್ರ ತಲೆಯ ತಿರುಪು, ಇವು ಕಂಡ ಭಾಗ ಹೊಸದು. ಆದರೆ ಹಳೆಯ ಅಲಗಿನ ಒಡಕಿಗೆ ಹಿತ್ತಾಳೆ ಬೆಸುಗೆ ಅಥವಾ ತಗಡಿನ ತೇಪೆ ಇದ್ದರೆ ಅದನ್ನು ದೋಷದ ಕಲಮಿನಲ್ಲಿ ಬರೆಯಬೇಡಿ. ಆ ಅಲಗು ಬಿಸಾಡಲಾಗದಷ್ಟು ಬೆಲೆಬಾಳುತ್ತಿತ್ತು ಎಂಬ ಸುದ್ದಿ ಆ ತೇಪೆಯಲ್ಲಿದೆ.

ಹಣ ಕೊಡುವ ಮೊದಲು

ದೂರದಿಂದ ಕೊಳ್ಳುವಾಗ ಕೇಳಬೇಕಾದ ಚಿತ್ರಗಳು: ಅಳತೆಪಟ್ಟಿಯ ಜೊತೆ ಪೂರ್ತಿ ಕತ್ತಿ ಎರಡೂ ಬದಿ, ಅಲಗಿನ ಬುಡ ಎರಡೂ ಬದಿ, ಪ್ರತಿ ಮುದ್ರೆಯ ಹತ್ತಿರದ ನೋಟ, ಹಿಡಿಯ ನೆತ್ತಿ, ತುದಿ, ಒರೆಯ ಹಿಂಬದಿ ಮತ್ತು ಬಾಯಿ. ಒರೆಯಲ್ಲಿಟ್ಟ ಕತ್ತಿಯ ಚಿತ್ರವನ್ನಷ್ಟೇ ಕಳಿಸಿ ‘ಅಲಗು ಚೆನ್ನಾಗಿದೆ’ ಎನ್ನುವವರಿಂದ ಕೊಳ್ಳಬೇಡಿ.

ಹಿಡಿಯ ವಸ್ತು ಏನೆಂದು ಬರಹದಲ್ಲಿ ಕೇಳಿ. ಹಳೆಯ ಕುಮ್ಮಿಯಾಗಳಲ್ಲಿ ಆನೆದಂತ, ನಿಮ್ಚಾಗಳಲ್ಲಿ ಘೇಂಡಾಮೃಗದ ಕೊಂಬು, ಕಸ್ಕರಾ ಒರೆಗಳಲ್ಲಿ ಮೊಸಳೆ ಚರ್ಮ ಬರುತ್ತದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತದ ವ್ಯಾಪಾರವೂ ನಿಷಿದ್ಧ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ 2018ರ ದಂತ ಕಾಯಿದೆ 2022ರ ಜೂನಿನಿಂದ ಜಾರಿಯಲ್ಲಿದೆ. 1947ಕ್ಕಿಂತ ಹಿಂದಿನ, ಶೇ. 10ಕ್ಕಿಂತ ಕಡಿಮೆ ದಂತವಿರುವ ವಸ್ತುವನ್ನೂ ನೋಂದಾಯಿಸದೆ ಮಾರುವಂತಿಲ್ಲ. ಮೂಳೆ ಮತ್ತು ದಂತದ ವ್ಯತ್ಯಾಸ ಮಸೂರಕ್ಕೆ ಸಿಗುತ್ತದೆ: ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀಟುಗಳು, ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಕಮಾನುಗೆರೆಗಳು. ಬಿಸಿ ಸೂಜಿ ಚುಚ್ಚುವ ಪರೀಕ್ಷೆ ವಸ್ತುವನ್ನು ಹಾಳುಮಾಡುತ್ತದೆ, ಬೇಡ.

ಭಾರತಕ್ಕೆ ತರಿಸುವವರು 1959ರ ಶಸ್ತ್ರಾಸ್ತ್ರ ಕಾಯಿದೆಯ 10ನೇ ಕಲಂ ಓದಿಕೊಳ್ಳಬೇಕು: ಹೊರದೇಶದಿಂದ ಆಯುಧ ತರಲು ಪರವಾನಗಿ ಬೇಕು. ಕತ್ತಿ, ಬಾಕು, ಮತ್ತು ಮನೆ-ತೋಟದ ಕೆಲಸಕ್ಕಲ್ಲದ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕು ಆ ಪಟ್ಟಿಯಲ್ಲಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಆಯುಧ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಆಮದು ಬೇರೆ ಮಾತು. ಪಾರ್ಸೆಲ್ ಹೊರಡುವ ಮೊದಲೇ ಕಸ್ಟಮ್ಸ್ ತಿಳಿದ ವಕೀಲರನ್ನು ಕೇಳಿ. ಬಂದ ಮೇಲೆ ಕೇಳಿದರೆ ಕತ್ತಿಯೂ ಇಲ್ಲ, ಹಣವೂ ಇಲ್ಲ. ಬ್ರಿಟನ್ನಿನಲ್ಲಿ 50 ಸೆಂ.ಮೀ. ಅಥವಾ ಹೆಚ್ಚಿನ ಬಾಗಿದ ಅಲಗಿನ ಕತ್ತಿಗಳಿಗೆ 2008ರಿಂದ ನಿರ್ಬಂಧವಿದೆ, 1954ಕ್ಕೆ ಮೊದಲಿನವಕ್ಕೂ ಸಾಂಪ್ರದಾಯಿಕವಾಗಿ ಕೈಯಿಂದ ಮಾಡಿದವಕ್ಕೂ ರಿಯಾಯಿತಿ. ಅಂದರೆ ಮಂಡಿಂಗೊ ಕತ್ತಿಗೆ ಕಾಗದಪತ್ರ ಮುಖ್ಯ, ನೇರವಾದ ತಕೂಬಾಕ್ಕೆ ಈ ತಲೆನೋವಿಲ್ಲ.

ಇನ್ನು ಅರಮನೆಯ ಕತ್ತಿಗಳು. ಬ್ರಿಟಿಷರು 1874ರಲ್ಲಿ ಅಸಾಂಟೆ ರಾಜಧಾನಿ ಕುಮಾಸಿಯನ್ನೂ 1897ರಲ್ಲಿ ಬೆನಿನ್ ನಗರವನ್ನೂ ಲೂಟಿ ಮಾಡಿದರು, ಫ್ರೆಂಚರು 1892ರಲ್ಲಿ ಇಂದಿನ ಬೆನಿನ್ ದೇಶದಲ್ಲಿರುವ ಅಬೊಮೆಯನ್ನು ಹಿಡಿದರು. ಅಲ್ಲಿಂದ ಹೊರಬಿದ್ದ ವಸ್ತುಗಳು ಈಗ ಮರಳುತ್ತಿವೆ: ಅಬೊಮೆಯ 26 ವಸ್ತುಗಳು 2021ರಲ್ಲಿ ಪ್ಯಾರಿಸಿನಿಂದ ಹಿಂದಿರುಗಿದವು, ಉಮರ್ ತಾಲ್‌ನ ಕತ್ತಿಯನ್ನು 2020ರ ಡಿಸೆಂಬರಿನ ಫ್ರೆಂಚ್ ಕಾನೂನು ಕಾಯಂ ಆಗಿ ಸೆನೆಗಲ್‌ಗೆ ಬಿಟ್ಟುಕೊಟ್ಟಿತು. ಆದ್ದರಿಂದ ‘ಬೆನಿನ್, 1897’ ಎಂಬ ಚೀಟಿಯನ್ನು ಮಾರುವವರು ಹೆಮ್ಮೆಯಿಂದ ತೋರಿಸಿದರೆ ಎದ್ದುಬನ್ನಿ. ಚೀಟಿ ಸುಳ್ಳಾದರೆ ವಸ್ತು ನಕಲಿ, ನಿಜವಾದರೆ ಲೂಟಿಯ ಮಾಲು. ನೈಜೀರಿಯಾದಿಂದ ಯಾವುದೇ ಹಳೆಯ ವಸ್ತು ಹೊರಬರಲು ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ಆಯೋಗದ ಅನುಮತಿ ಪತ್ರ ಬೇಕು, ಅದನ್ನೂ ಕೇಳಿ.

ಮನೆಗೆ ಬಂದ ಮೇಲೆ

ಮೊದಲು ಹುಳು. ತೊಗಲಿನ ಒರೆಯಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂತಹ ಪುಡಿ, ಹುಳು ಕಳಚಿದ ರೋಮದ ಪೊರೆ ಕಂಡರೆ ಉಳಿದ ವಸ್ತುಗಳಿಂದ ದೂರವಿಡಿ. ಒರೆಯನ್ನಷ್ಟೇ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18ರಿಂದ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆ ತೊಗಲಿನ ಮೇಲೆ ನೀರು ಹನಿಯುತ್ತದೆ. ದಂತ, ಮೂಳೆ ಕೂರಿಸಿದ ವಸ್ತುವನ್ನು ಫ್ರೀಜರಿಗೆ ಹಾಕಬೇಡಿ, ಸೀಳುತ್ತದೆ.

ಅಲಗಿನ ಸಡಿಲ ಕೆಂಪು ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ, ಒಂದು ದಿನ ಕಾಯುವುದು, ಬಿದಿರಿನ ಚೂರಿನಿಂದ ಕೆರೆಯುವುದು. ಮೊಂಡು ಜಾಗಕ್ಕೆ ಮಾತ್ರ ‘0000’ ದರ್ಜೆಯ ಉಕ್ಕಿನ ಉಣ್ಣೆ, ಮುದ್ರೆಯಿಂದ ಎರಡು ಬೆರಳು ದೂರ. ಕಾಲದ ಕಪ್ಪು ಉಳಿಯಲಿ. ಬೆಳ್ಳಗೆ ಹೊಳೆಯುವಂತೆ ಉಜ್ಜಿದ ಅಲಗಿನ ಬೆಲೆ ಅರ್ಧ ಅಲ್ಲೇ ಉದುರುತ್ತದೆ, ಆಳವಿಲ್ಲದ ಮುದ್ರೆ ಪೂರ್ತಿ ಹೋಗುತ್ತದೆ. ಆಮೇಲೆ ಎಣ್ಣೆಯನ್ನು ವೈಟ್ ಸ್ಪಿರಿಟ್‌ನಿಂದ ಒರೆಸಿ ತೆಗೆದು, ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು ಹತ್ತಿಬಟ್ಟೆಯಲ್ಲಿ ತಿಕ್ಕಿ. ಎಣ್ಣೆ ಹಚ್ಚಿದ ಅಲಗನ್ನು ತೊಗಲಿನ ಒರೆಗೆ ಇಳಿಸಿದರೆ ಎಣ್ಣೆಯನ್ನೆಲ್ಲ ತೊಗಲು ಕುಡಿದು ಮೆತ್ತಗಾಗುತ್ತದೆ.

ಹಿತ್ತಾಳೆ ಕಂಡ ಕೂಡಲೇ ನಮ್ಮ ಮನೆಗಳಲ್ಲಿ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೀಪದ ಕಂಬಕ್ಕೆ ಸರಿ, ತಕೂಬಾಕ್ಕೆ ಬೇಡ. ಹುಳಿ ತಗಡಿನ ಅಂಚಿನಿಂದ ಒಳಗೆ ಇಳಿದು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ, ಉಬ್ಬಿದ ತುಕ್ಕು ಆರು ತಿಂಗಳಲ್ಲಿ ತಗಡನ್ನೇ ಎಬ್ಬಿಸುತ್ತದೆ. ತೊಗಲು-ಹಿತ್ತಾಳೆ ಸೇರುವಲ್ಲಿ ಹಸಿರು ಮೇಣದಂತಹದು ಏಳುವುದುಂಟು. ತೊಗಲಿನ ಕೊಬ್ಬು ತಾಮ್ರದ ಜೊತೆ ಸೇರಿ ಆಗುವಂಥದ್ದು. ಹಲ್ಲುಕಡ್ಡಿಯಿಂದ ತೆಗೆದು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತೊಗಲು ಮುಟ್ಟಿದರೆ ಕೆಂಪು ಪುಡಿ ಕೈಗೆ ಬರುವುದು ಬೇರೆ ರೋಗ, ನಾರೇ ಆಮ್ಲವಾಗಿ ಸತ್ತಿರುತ್ತದೆ. ಅದಕ್ಕೆ ಎಣ್ಣೆ ಕುಡಿಸಿದರೆ ಕಪ್ಪಾಗಿ ಅಂಟುತ್ತದೆ, ರೋಗ ಹೋಗುವುದಿಲ್ಲ. ಸಂರಕ್ಷಕರು ಬಳಸುವುದು ಕ್ಲೂಸೆಲ್ ಜಿ ಎಂಬ ಪುಡಿ: 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ 2 ಗ್ರಾಂ, ರಾತ್ರಿಯಿಡೀ ಕರಗಲು ಬಿಟ್ಟು ಮೆತ್ತನೆ ಕುಂಚದಲ್ಲಿ ಹಚ್ಚುವುದು. ಮೊದಲು ಮರೆಯ ಜಾಗದಲ್ಲಿ ಒಂದು ಚುಕ್ಕಿ ಹಚ್ಚಿ ನೋಡಿ. ಪಶ್ಚಿಮ ಆಫ್ರಿಕಾದ ಕೆಂಪು ಬಣ್ಣವನ್ನು ಜೋಳದ ಗರಿಕವಚದಿಂದ ತೆಗೆಯುತ್ತಾರೆ, ಕೆಲವು ಬಣ್ಣ ಆಲ್ಕೊಹಾಲಿಗೆ ಬಿಡುತ್ತವೆ.

ಇಡುವ ಜಾಗದ ವಿಷಯದಲ್ಲಿ ಬೆಂಗಳೂರು ಕ್ಷಮಿಸುತ್ತದೆ, ಮಂಗಳೂರು-ಕಾರವಾರದ ಮಳೆಗಾಲ ಕ್ಷಮಿಸುವುದಿಲ್ಲ. ಕಬ್ಬಿಣಕ್ಕೆ ಗಾಳಿಯ ತೇವ ಶೇ. 50ರ ಕೆಳಗಿರಬೇಕು, ತೊಗಲು ಶೇ. 40ಕ್ಕಿಂತ ಕೆಳಗೆ ಹೋದರೆ ಬಿರಿಯುತ್ತದೆ. ಅಲಗು, ಒರೆ ಬೇರೆ ಬೇರೆ ಇಡುವುದೇ ಇದಕ್ಕೆ ಪರಿಹಾರ. ಅಲಗಿಗೆ ಬಿಗಿಮುಚ್ಚಳದ ಪಾಲಿಪ್ರೊಪಿಲೀನ್ ಪೆಟ್ಟಿಗೆ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಜೆಲ್ಲಿನ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಖಾಲಿ ಒರೆಯೊಳಗೆ ಆಮ್ಲರಹಿತ ಕಾಗದವನ್ನು ಸಡಿಲವಾಗಿ ಸುತ್ತಿ ತೂರಿಸಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಚಪ್ಪಟೆಯಾಗಿ ಅಲಗು ಮತ್ತೆ ಒಳಗೆ ಹೋಗದು.

ಪ್ರತಿ ಕತ್ತಿಗೂ ಒಂದು ಚೀಟಿ ಬರೆಯಿರಿ, ಅದರಲ್ಲಿ ವಯಸ್ಸಿಗೆ ಮೂರು ಸಾಲು: ಅಲಗು, ಹಿಡಿ, ಒರೆ. ಜೊತೆಗೆ 10 ಸೆಂ.ಮೀ. ಅಂತರದ ದಪ್ಪಗಳು, ತೂಕ, ಮುದ್ರೆಯ ಚಿತ್ರ, ಯಾರಿಂದ ಯಾವಾಗ ಬಂತು, ನೀವು ಏನು ಹಚ್ಚಿದಿರಿ. ಚೀಟಿಯನ್ನು ಹತ್ತಿದಾರದಿಂದ ಹಿಡಿಗೆ ಕಟ್ಟಿ. ಅಂಟುಪಟ್ಟಿ ತೊಗಲಿನ ಬಣ್ಣವನ್ನೇ ಕಿತ್ತು ತರುತ್ತದೆ.